ಲಕೋಟೆಗೆ ಹಿಡಿಯದ ಸಕ್ಕರೆ ಚಾರ್ಟು

"೧೪ ಜುಲೈ ೧೯೭೪, ಭಾನುವಾರ. ಚಾರ್ಟು ಇಂದು ಪಡಸಾಲೆಯ ಗೋಡೆ ಮುಗಿಸಿ ಬಾಗಿಲಿಗೆ ಬಂತು. ನಾಳೆಯಿಂದ ಎಲ್ಲಿಗೆ?" ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ನಮ್ಮ ಯಜಮಾನರ ಅಕ್ಷರದಲ್ಲಿ, "ಬಾವಿಗೆ" ಎಂದಿದೆ.

ಬೇರೆಯವರ ಮನೆಯಲ್ಲಿ ಒಂದು ಕಾಗದವನ್ನು ಅಂಚೆಗೆ ಹಾಕುವುದೆಂದರೆ ಹೋಗಿ ಡಬ್ಬಿಗೆ ಹಾಕಿ ಬರುವುದು. ನಮ್ಮ ಮನೆಯಲ್ಲಿ ಅದಕ್ಕೆ ಮೂರು ಊರು, ಒಂದು ರೈಲು, ಇಬ್ಬರ ಮುನಿಸು ಬೇಕಾಗುತ್ತದೆ. ಯಾಕೆ ಹೀಗೆ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಬರೆದಿಡುವುದನ್ನು ಮಾತ್ರ ಬಿಟ್ಟಿಲ್ಲ.

ಗೋಡೆ ಸಾಲದಾಯಿತು

ಅದರ ಹಿಂದಿನ ವರ್ಷ ದಸರೆಯ ಹೊತ್ತಿಗೆ ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಈಗಿನ ಹಾಗೆ ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಯಂತ್ರ ಆಗ ಇರಲಿಲ್ಲ. ಗಾಜಿನ ನಳಿಕೆಗೆ ಒಂದು ನೀಲಿ ದ್ರಾವಣ ಹಾಕಿ, ಅದಕ್ಕೆ ಮೂತ್ರದ ಕೆಲವು ಹನಿ ಬಿಟ್ಟು ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತಾ ಹೋಗಿ ಕೊನೆಗೆ ಇಟ್ಟಿಗೆ ಕೆಂಪು. ನಾನು ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಬೀದಿಯಲ್ಲಿ ಡಿಗ್ರಿ ಇದ್ದ ಸೊಸೆ ಆಗ ನಾನೊಬ್ಬಳೇ. ಆ ವಿದ್ಯೆಯನ್ನೆಲ್ಲ ಸಾರಿನ ಪಾತ್ರೆಯ ಮುಂದೆ ಕಳೆಯುತ್ತಿದ್ದವಳಿಗೆ ಕೊನೆಗೂ ಒಂದು ನಳಿಕೆ ಕೈಗೆ ಬಂತು. ದಿನಾ ಬೆಳಿಗ್ಗೆ ಕಾಯಿಸಿದೆ, ದಿನಾ ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟೆ, ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದೆ. ಒಂದು ಹಾಳೆ ಮುಗಿದರೆ ಮೈದಾ ಅಂಟಿನಿಂದ ಇನ್ನೊಂದನ್ನು ಸೇರಿಸಿದೆ. ಗೆರೆ ಎಲ್ಲಿ ಗುಡ್ಡದ ಹಾಗೆ ಏರಿತೋ ಅದರ ಕೆಳಗೆ ಕಾರಣವನ್ನೂ ಬರೆದೆ: "ದೀಪಾವಳಿ", "ಸಿರುಗುಪ್ಪ", "ಕುರುಗೋಡು", ಹೀಗೆ.

ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದ್ದರು. ಗೋಡೆ ತುಂಬಿದ ಚಾರ್ಟನ್ನು ಹೊತ್ತು ತರಬೇಕೇ ಎಂದು ನಾನು ಕೇಳಿದ್ದಕ್ಕೆ ಜುಲೈನಲ್ಲಿ ಅವರಿಂದ ಕಾಗದ ಬಂತು: "ಇದಕ್ಕಾಗಿ ಇಷ್ಟು ದೂರ ಬರುವುದು ಬೇಡ. ನಿಮ್ಮ ಚಾರ್ಟಿನ ನಕಲನ್ನು ಒಂದು ಲಕೋಟೆಯಲ್ಲಿ ಹಿಡಿಯುವಂತೆ ಸಣ್ಣದು ಮಾಡಿ ಕಳಿಸಿ. ಒಂದು ದಿನವನ್ನೂ ಬಿಡಬೇಡಿ. ಅದನ್ನು ನೋಡಿ, ದಿನವೂ ಇಂಜೆಕ್ಷನ್ ಬೇಕೋ ಮಾತ್ರೆ ಸಾಕೋ ತೀರ್ಮಾನಿಸುತ್ತೇನೆ. ಸಾರಾಂಶ ಬೇಡ."

ಸಾರಾಂಶ ಬೇಡ ಎಂದು ಅವರು ಬರೆದದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಸಾರಾಂಶ ಕಳಿಸಿ ಎಂದಾಗ ನಮ್ಮ ಯಜಮಾನರೇ ಒಂದು ಕಾರ್ಡು ಬರೆದು ಹಾಕಿದ್ದರು. ಅದರಲ್ಲಿದ್ದದ್ದು: "ಇಲ್ಲಿ ಎಲ್ಲರೂ ಕ್ಷೇಮ."

ನಮ್ಮವರು ಹತ್ತಿ ವ್ಯಾಪಾರಿ. ಗಿರಣಿಯಲ್ಲಿ ಹಮಾಲರ ಜಗಳ ಬಿಡಿಸಲು ನಡುವೆ ಹೋಗಿ ನಿಲ್ಲುವ ಗಂಡಸು. ಆದರೆ ಸೂಜಿ ಕಂಡರೆ ಮುಗಿಯಿತು. ಕಾಗದ ಓದಿ ಮುಗಿಸಿ ಚಾರ್ಟಿನ ಕಡೆಗೆ ನೋಡಿದರು, ನನ್ನ ಕಡೆಗೆ ನೋಡಿದರು. "ಏನ್ರೀ ಬಿ.ಎಸ್ಸಿ.ಯವರ," ಎಂದರು. ನನ್ನ ಮೇಲೆ ಸಿಟ್ಟು ಬಂದಾಗ ಅವರು ಕರೆಯುವುದು ಹಾಗೆ. "ಹೆಂಗೂ ಸಣ್ಣದು ಮಾಡಬೇಕಲ್ಲ, ಹಬ್ಬದ ದಿನ ಬಿಟ್ಟುಬಿಡ್ರಿ. ಹಬ್ಬಕ್ಕ ಸಾಲಿಗೇ ಸೂಟಿ ಇರ್ತೈತಿ."

ಪೇಟೆ ಧಾರಣೆ

ಚಾರ್ಟು ಪಡಸಾಲೆಯಲ್ಲಿದ್ದುದರಿಂದ ಬಂದವರೆಲ್ಲ ನೋಡುತ್ತಿದ್ದರು. ಒಂದು ದಿನ ಹತ್ತಿ ಪೇಟೆಯ ದಲಾಲರೊಬ್ಬರು ಬಂದರು. ಕನ್ನಡಕ ಏರಿಸಿಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದು, "ಇದೇನ್ರಿ ಸಾವ್ಕಾರ್ರ?" ಎಂದು ಕೇಳಿದರು. ತಮ್ಮ ರೋಗದ ಮಾತು ಪೇಟೆಗೆ ಹೋಗುವುದು ನಮ್ಮವರಿಗೆ ಬೇಕಿರಲಿಲ್ಲ.

"ಹತ್ತಿ ಧಾರಣಿ," ಎಂದುಬಿಟ್ಟರು.

ದಲಾಲರ ಕಣ್ಣು ಅರಳಿತು. "ಅಬ್ಬಬ್ಬಾ, ಏನ್ ಬರದೀರಿ! ದೀಪಾವಳಿಗೆ ಏರೈತಿ. ಸಂಕ್ರಾಂತಿಗೆ ಏರೈತಿ. ಯುಗಾದಿಗಂತೂ ಮಾಳಿಗಿ ಮುಟ್ಟೈತಿ. ಹಂಗಾರ ಈಗ ನಾಗರ ಪಂಚಮಿಗೂ ಏರಬೇಕಲ್ರಿ?"

ನಾನು ಒಳಗಿನಿಂದಲೇ ಹೇಳಿದೆ: "ಏರ್ತೈತಿ. ಖಂಡಿತ ಏರ್ತೈತಿ."

"ಅಕ್ಕಾರು ಓದಿದೋರು, ಅವರೇ ಹೇಳಿದ ಮ್ಯಾಲೆ ಮುಗೀತು," ಎಂದರು ದಲಾಲರು. "ಇದನ್ನ ಸಣ್ಣದು ಮಾಡಸ್ತೀರಂತಲ್ಲ, ನನಗೂ ಒಂದು ಕಾಪಿ ಕೊಡ್ರಿ. ಕಿಸೇದಾಗ ಇಟ್ಕೊಂತೀನಿ."

ಅವರು ಕಾಪಿಗೆ ಕಾಯಲಿಲ್ಲ. ಇದ್ದ ಹತ್ತಿಯ ಅಂಡಿಗೆಗಳನ್ನೆಲ್ಲ ಮಾರದೆ ಪಂಚಮಿಯವರೆಗೆ ಹಿಡಿದಿಟ್ಟರು. ಧಾರಣೆ ಕದಲಲಿಲ್ಲ. ಪಂಚಮಿಯ ಮರುದಿನ ಬೆವರು ಒರೆಸುತ್ತಾ ಬಂದು, "ಏರ್ಲೇ ಇಲ್ಲಲ್ರಿ ಅಕ್ಕಾರ!" ಎಂದರು.

ನಾನು ಅವರನ್ನು ಗೋಡೆಯ ಬಳಿಗೆ ಕರೆದೊಯ್ದು ಅಂದಿನ ಬೆಳಗಿನ ಚುಕ್ಕೆ ತೋರಿಸಿದೆ. ಇಟ್ಟಿಗೆ ಕೆಂಪು. "ನಿಮ್ಮ ಕಡೆ ಏರಿಲ್ಲ ಅಂದ್ರ ನಾನೇನ್ ಮಾಡ್ಲಿರಿ," ಎಂದೆ. "ನಮ್ಮ ಮನ್ಯಾಗ ಏರೈತಿ."

ಕುರುಗೋಡಿನ ಚಕ್ಕುಬಂದಿ

ಆದರೆ ಅದು ಆಮೇಲಿನ ಮಾತು. ಪಂಚಮಿಗೆ ಮುಂಚೆಯೇ ನಕಲು ಹೋಗಬೇಕಿತ್ತು. ನಾನೇ ಕೈಯಲ್ಲಿ ಸಣ್ಣದಾಗಿ ಬರೆದುಬಿಡಬಹುದಿತ್ತು. ಬರೆದರೆ ನಮ್ಮವರು "ನಕಲು ಮಾಡುವಾಗ ಒಂದೆರಡು ಗುಡ್ಡ ಏರಿಸಿದಳು" ಎಂದು ಜೀವಮಾನವಿಡೀ ಹೇಳುತ್ತಿದ್ದರು. ಹಾಗಾಗಿ ಮೂರನೆಯವರ ಕೈ ಬೇಕಾಯಿತು.

ಕುರುಗೋಡಿನಲ್ಲಿ ನಮ್ಮವರ ಸೋದರಮಾವ ಇದ್ದರು. ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ದೊಡ್ಡ ನಕ್ಷೆಯನ್ನು ಸಣ್ಣದು ಮಾಡುವ ಮರದ ಕಡ್ಡಿಗಳ ಒಂದು ಉಪಕರಣ ಅವರ ಬಳಿಯಿತ್ತು. ಒಂದು ತುದಿಯಿಂದ ದೊಡ್ಡ ಗೆರೆಯನ್ನು ತಿದ್ದುತ್ತಾ ಹೋದರೆ ಇನ್ನೊಂದು ತುದಿಯ ಸೀಸದಕಡ್ಡಿ ಅದೇ ಗೆರೆಯನ್ನು ಚಿಕ್ಕದಾಗಿ ಬರೆಯುತ್ತದೆ. ಇದಕ್ಕಿಂತ ನಿಷ್ಪಕ್ಷಪಾತ ಏನು ಬೇಕು? ಚಾರ್ಟನ್ನು ಸುತ್ತಿ ಬಸ್ಸಿನಲ್ಲಿ ಕುರುಗೋಡಿಗೆ ಹೋದೆವು.

ಮಾವನವರು ಎರಡು ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಆ ಎರಡು ದಿನ ಅವರ ಹೆಂಡತಿ, ಅಂದರೆ ಅತ್ತೆಯವರು, ನಮ್ಮವರಿಗೆ ಸಜ್ಜಕ ಮಾಡಿ ಬಡಿಸಿದರು. "ಒಂದೀಟು ತಿನ್ನೋ, ಬೆಲ್ಲದ್ದು, ಸಕ್ಕರಿ ಹಾಕಿಲ್ಲ," ಎಂದು ಒತ್ತಾಯ ಬೇರೆ. ಹೊರಡುವಾಗ ಒಂದು ಡಬ್ಬಿ ತುಂಬಾ ಕಟ್ಟಿಯೂ ಕೊಟ್ಟರು. ಇದು ಆ ಮನೆಯ ರೂಢಿ. ನನ್ನ ಚಾರ್ಟಿನಲ್ಲಿ ಕುರುಗೋಡಿನ ಗುಡ್ಡ ಒಂದೇ ದಿನಕ್ಕೆ ಇಳಿಯದೆ ಡಬ್ಬಿ ಖಾಲಿಯಾಗುವವರೆಗೆ ಹರಡಿಕೊಳ್ಳುತ್ತಿದ್ದುದು ಅದಕ್ಕೇ.

ಮಾವನವರು ನಕ್ಷೆ ತಂದು ಮುಂದಿಟ್ಟರು. ಬಹಳ ಅಂದದ ನಕ್ಷೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಇತ್ತು. ಆದರೆ ಗುಡ್ಡಗಳು ಅರ್ಧಕ್ಕರ್ಧ ಇರಲಿಲ್ಲ.

"ಮಾವಾರ, ಸಣ್ಣ ಗುಡ್ಡೆಲ್ಲ ಎಲ್ಲಿ ಹೋದ್ವು?"

"ಈ ಅಳತಿಯೊಳಗ ಅಂಥಾ ದಿಬ್ಬ ತೋರ್ಸಂಗಿಲ್ಲಮ್ಮ. ಇಲಾಖೆ ಪದ್ಧತಿ ಅದು. ಗುಡ್ಡ ಅಂದ್ರ ನಮ್ಮೂರ ಗುಡ್ಡದಷ್ಟಾದ್ರೂ ಇರಬೇಕು."

ಹಿಂದೆ ತಿರುಗಿಸಿದರೆ ಜಮೀನಿನ ಪತ್ರದಲ್ಲಿ ಬರೆಯುವಂತೆ ಚಕ್ಕುಬಂದಿ. ಪೂರ್ವಕ್ಕೆ ಆಷಾಢ, ಪಶ್ಚಿಮಕ್ಕೆ ದೀಪಾವಳಿ, ಉತ್ತರಕ್ಕೆ ಇಟ್ಟಿಗೆ ಕೆಂಪು, ದಕ್ಷಿಣಕ್ಕೆ ನೀಲಿ. ಇದರ ಮಧ್ಯದ ಸ್ವತ್ತು ನಮ್ಮ ಯಜಮಾನರ ಹೆಸರಿಗೆ.

ನಮ್ಮವರು ಸಜ್ಜಕದ ಬಾಯಿ ಒರೆಸಿಕೊಂಡು ಓದಿದರು. "ಮಾವಾ, ಇಷ್ಟು ಗುಡ್ಡ ಇರೋ ಹೊಲ ನನಗ ಬ್ಯಾಡ," ಎಂದರು. "ಯಾರ್ಗಾದ್ರೂ ದಾನ ಕೊಟ್ಟುಬಿಡ್ರಿ."

ಸಿರುಗುಪ್ಪದ ಗೌರವ

ಮೂರನೆಯ ದಿನ ಮನೆಗೆ ಮರಳಿ ಚಾರ್ಟನ್ನು ಮತ್ತೆ ಗೋಡೆಗೆ ಹಾಕುವಷ್ಟರಲ್ಲಿ ಸಿರುಗುಪ್ಪದಿಂದ ನನ್ನ ನಾದಿನಿ ಬಂದಳು. ಚಾರ್ಟಿನಲ್ಲಿ ತಮ್ಮ ಊರಿನ ಹೆಸರಿದೆ ಎಂದು ಯಾರೋ ಸುದ್ದಿ ಮುಟ್ಟಿಸಿದ್ದರು. ಚಪ್ಪಲಿ ಬಿಡುವ ಮೊದಲೇ ಕಣ್ಣು ಗೋಡೆಗೆ ಹೋಯಿತು.

"ಏನ್ ಅತ್ತಿಗಿ ಇದು? ಬಂದೋರು ಹೋದೋರು ನೋಡೋ ಗೋಡಿ ಮ್ಯಾಲೆ ನಮ್ಮೂರ ಹೆಸರು? ನಾವೇನ್ ಅಣ್ಣಗ ವಿಷ ಹಾಕೀವೇನು?"

"ವಿಷ ಅಲ್ಲವ್ವ, ಹೋಳಿಗಿ."

"ಅಣ್ಣ ಮನಿಗೆ ಬಂದ್ರ ಬರೇ ಮಜ್ಜಿಗಿ ಕೊಟ್ಟು ಕಳಸಬೇಕಾ? ಈ ಗುಡ್ಡ ಇಳಸ್ರಿ. ಹೆಂಗೂ ಸಣ್ಣದು ಮಾಡಾಕ ಹತ್ತೀರಿ, ನಮ್ದೂ ಸಣ್ಣದಾಗ್ಲಿ."

ಇಳಿಸುವುದಾಗದು, ಇದು ವಿಜ್ಞಾನ, ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವಳು ಪಕ್ಕದಲ್ಲಿದ್ದ ಕುರುಗೋಡಿನ ಗುಡ್ಡ ನೋಡಿದಳು. ಎರಡರ ನೆತ್ತಿಗೂ ಬೆರಳಿಟ್ಟು ಎತ್ತರ ಅಳೆದಳು. ಮುಖ ಬೇರೆಯಾಯಿತು.

"ಅತ್ತಿಗಿ, ಇವೆರಡೂ ಸಮ ಅದಾವು."

"ಹೌದು. ಎರಡೂ ಇಟ್ಟಿಗೆ ಕೆಂಪು."

"ಸಮ ಹೆಂಗ್ ಆಗ್ತಾವ್ರೀ? ಅವರು ಮಾಡಿದ್ದು ಸಜ್ಜಕ! ರವಾ, ಬೆಲ್ಲ, ನೀರು! ನಾನು ಮಾಡಿದ್ದು ಹೂರಣದ ಹೋಳಿಗಿ. ಮ್ಯಾಲೆ ಬೆಣ್ಣಿ ಕಾಸಿದ ತುಪ್ಪ. ಬಾಜೂಕ ಶಾವಿಗಿ ಪಾಯಸ. ಅವರೂ ನಾವೂ ಒಂದ ಅಂದ್ರ ನಾ ಹೆಂಗ್ ಮುಖ ತೋರಿಸ್ಲಿ?"

"ಅವ್ವ, ಇಟ್ಟಿಗೆ ಕೆಂಪಿನ ಮೇಲೆ ಇನ್ನೊಂದು ಬಣ್ಣ ಇಲ್ಲ. ಅದೇ ಕೊನಿ."

"ಇಲ್ಲಂದ್ರ ಹಾಕ್ರಿ! ಬಿ.ಎಸ್ಸಿ. ಓದಿದೋರು, ಒಂದು ಗೆರಿ ಮ್ಯಾಲೆ ಹಾಕಾಕ ಆಗಂಗಿಲ್ಲೇನು?"

ನಮ್ಮವರು ಪಡಸಾಲೆಯ ಮೂಲೆಯಲ್ಲಿ ಪೇಪರು ಅಡ್ಡ ಹಿಡಿದಿದ್ದರು. ಹಿಂದಿನಿಂದ ಧ್ವನಿ ಬಂತು: "ಆಕಿ ಹೇಳೋದು ಖರೇ ಐತಿ. ಹೋಳಿಗಿ ಹೋಳಿಗೀನ."

ಕೌಲ್ ಬಜಾರಿನ ಸ್ಟುಡಿಯೋ

ಉಳಿದದ್ದು ಫೋಟೋ. ಕೌಲ್ ಬಜಾರಿನಲ್ಲಿ ಒಂದು ಸ್ಟುಡಿಯೋ ಇತ್ತು. ಬಳ್ಳಾರಿಯ ಅರ್ಧ ಹೆಣ್ಣುಮಕ್ಕಳ ಮದುವೆ ಅಲ್ಲಿ ತೆಗೆದ ಫೋಟೋದಿಂದಲೇ ಕೂಡಿಬಂದದ್ದು ಎಂದು ಹೇಳುತ್ತಿದ್ದರು. ಹೀಗೆ ಹೇಳುತ್ತಿದ್ದವರಲ್ಲಿ ಮೊದಲಿಗರು ಸ್ಟುಡಿಯೋದ ಯಜಮಾನರೇ.

ಹಾಳೆಗಳ ಅಂಟು ಬಿಡಿಸಿ, ಚಾರ್ಟನ್ನು ಒಂದರ ಕೆಳಗೊಂದು ಮೂರು ಸಾಲಾಗಿ ಅವರ ಪರದೆಯ ಮೇಲೆ ಚುಚ್ಚಿದೆವು. ಪರದೆಯಲ್ಲಿ ಅರಮನೆಯ ಮೆಟ್ಟಿಲು, ಕೊಳ, ಎರಡು ಹಂಸ ಇದ್ದವು. ಹಂಸಗಳು ಚಾರ್ಟಿನ ಎರಡೂ ಬದಿಗೆ ಇಣುಕುತ್ತಿದ್ದವು.

"ಕೂಡೋರು ಯಾರಮ್ಮಾ?" ಎಂದು ಕೇಳಿದರು.

"ಯಾರೂ ಇಲ್ಲ. ಚಾರ್ಟು ಮಾತ್ರ."

"ಮನುಷ್ಯಾರು ಇಲ್ದೆ ಫೋಟೋ?" ಎಂದು ನೊಂದುಕೊಂಡರು. "ಆಯ್ತು. ಎಲ್ಲಿಗೆ ಕಳಿಸಾಕ?"

"ಬೆಂಗಳೂರಿಗೆ. ಡಾಕ್ಟರು ನೋಡಿ ತೀರ್ಮಾನ ಹೇಳ್ತಾರೆ."

ಅವರು ತಲೆಯಾಡಿಸಿದರು. ಎಲ್ಲ ತಿಳಿಯಿತು ಎನ್ನುವ ತಲೆಯಾಟ. ಅದರ ಅರ್ಥ ನನಗೆ ನಾಲ್ಕು ದಿನದ ಮೇಲೆ, ಪ್ರತಿ ಕೈಗೆ ಬಂದಾಗ ಆಯಿತು. ಗಾತ್ರ ಅಂಗೈಯಷ್ಟು, ಅಕ್ಷರ ಸ್ಪಷ್ಟ. ಆದರೆ ಚುಕ್ಕೆ ಒಂದೂ ಇಲ್ಲ. ಏರಿಳಿತದ ಗೆರೆ ದೀಪಾವಳಿಯಿಂದ ಆಷಾಢದವರೆಗೆ ತುಂಗಭದ್ರಾ ಕಾಲುವೆಯ ನೀರಿನ ಹಾಗೆ ಸಮನಾಗಿ ಹರಿದಿತ್ತು. ನೆಗೆಟಿವ್ ಮೇಲೆ ಸೂಕ್ಷ್ಮವಾದ ಪೆನ್ಸಿಲ್ ಆಡಿಸಿ ಎಲ್ಲವನ್ನೂ ತಿದ್ದಿದ್ದರು.

"ಚುಕ್ಕಿ ಎಲ್ಲಿ ಹೋದ್ವು?"

"ತೆಗದುಬಿಟ್ಟೆ ಅಮ್ಮಾ. ಸಿಡುಬಿನ ಕಲಿ ತೆಗ್ಯೋ ಕೈ ಇದು, ಅವೇನ್ ಮಹಾ! ಗೆರಿ ಭಾಳ ಸೊಟ್ಟಪಟ್ಟ ಇತ್ತು, ಅದನ್ನೂ ಸಾಫ್ ಮಾಡೀನಿ."

"ಅಯ್ಯೋ, ಆ ಸೊಟ್ಟ ನೋಡಾಕೇ ಅವರು ಕೇಳಿದ್ದು!"

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಎಲ್ಲಾರೂ ಹಂಗೇ ಹೇಳ್ತಾರಮ್ಮಾ, ಇದ್ದಂಗ ಕಳಿಸ್ರಿ ಅಂತ. ಆಮೇಲೆ ಬ್ಯಾಡ ಅಂತಾರ. ನಮ್ಮ ಸ್ಟುಡಿಯೋದಿಂದ ಹೋದದ್ದು ಇಲ್ಲೀತನ ಒಂದೂ ವಾಪಸ್ ಬಂದಿಲ್ಲ. ಗಂಡು ಡಾಕ್ಟರ್ ಇರ್ಲಿ, ಇಂಜಿನಿಯರ್ ಇರ್ಲಿ."

ತಿದ್ದದ ಇನ್ನೊಂದು ಪ್ರತಿ ತೆಗೆದುಕೊಡಿ ಎಂದು ಹಟ ಹಿಡಿದೆ. ಮತ್ತೊಮ್ಮೆ ಚಾರ್ಟು ಚುಚ್ಚಿ ತೆಗೆದುಕೊಟ್ಟರು. ಅದರ ಹಿಂದೆ ಸ್ಟುಡಿಯೋ ಮುದ್ರೆ ಒತ್ತಲು ಮಾತ್ರ ಒಪ್ಪಲಿಲ್ಲ. "ಇದು ನಾ ತೆಗದದ್ದು ಅಂತ ಯಾರ್ಗೂ ಹೇಳಬ್ಯಾಡ್ರಿ," ಎಂದು ಕೈಮುಗಿದರು.

ಡಾಕ್ಟರ ಚೀಟಿ

ಎರಡೂ ಪ್ರತಿ ಮೇಜಿನ ಮೇಲಿದ್ದವು. ಪಕ್ಕದ ಅಂಗಡಿಯಿಂದ ಬೆಂಕಿಪೊಟ್ಟಣ ತನ್ನಿ ಎಂದರೂ ಮೊಣಕಾಲು ನೋವು ಎನ್ನುವ ನಮ್ಮವರು, ಅಂದು ತಾವೇ ಲಕೋಟೆ ಅಂಟಿಸಿ, ತಾವೇ ನಡೆದು ಹೋಗಿ ಅಂಚೆಗೆ ಹಾಕಿ ಬಂದರು. ಬರುವಾಗ ನನಗೆ ಮಲ್ಲಿಗೆಯನ್ನೂ ತಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮಲ್ಲಿಗೆ ಚೆನ್ನಾಗಿತ್ತು.

ಪಂಚಮಿ ಬಂತು. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಯಾವುದನ್ನೂ ಅವರು ಬಿಡಲಿಲ್ಲ. ನಾನು ಗದರಿದರೆ, "ಬೆಂಗಳೂರಿಂದ ಒಳ್ಳೆ ಸುದ್ದಿ ಬರ್ತೈತಿ, ನೋಡ್ತಿರು," ಎಂದರು.

ಬಂತು. ಡಾಕ್ಟರ ಕಾಗದ ಹೀಗಿತ್ತು: "ನೀವು ಕಳಿಸಿದ ಫೋಟೋ ತಲುಪಿತು. ಹಂಸಗಳು ಚೆನ್ನಾಗಿವೆ. ಇಂಥ ಸಮನಾದ ಸಕ್ಕರೆಯನ್ನು ನಾನು ಯಾವ ಆರೋಗ್ಯವಂತನಲ್ಲೂ ಕಂಡಿಲ್ಲ, ನನ್ನಲ್ಲಂತೂ ಇಲ್ಲ. ರೋಗಿ ಮತ್ತು ಮೂಲ ಚಾರ್ಟು ಇಬ್ಬರೂ ಕೂಡಲೇ ಬೆಂಗಳೂರಿಗೆ ಬರತಕ್ಕದ್ದು. ಬರುವಾಗ ಆ ಸ್ಟುಡಿಯೋದ ವಿಳಾಸ ತನ್ನಿ. ನನ್ನ ಮಗಳ ಫೋಟೋ ತೆಗೆಸುವುದಿದೆ."

ಬಿಡಿಬಿಡಿಯಾಗಿ ಗೋಡೆಯಲ್ಲಿದ್ದ ಹಾಳೆಗಳನ್ನೆಲ್ಲ ಇಳಿಸಿ ಮತ್ತೆ ಅಂಟಿಸಿದೆ. ಪಂಚಮಿಯ ಗುಡ್ಡವೂ ಸೇರಿತು. ಸುರುಳಿ ಹೊತ್ತು ರೈಲು ಹತ್ತಿದೆವು. ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುವಾಗ ಸುರುಳಿ ಸ್ವಲ್ಪ ಬಿಚ್ಚಿಕೊಂಡಿತು. ಎದುರಿಗಿದ್ದ ಮುದುಕಿಯೊಬ್ಬಳು ಇಣುಕಿ ನೋಡಿ, "ಯಾರ ಜಾತಕಾನವ್ವ ಇಷ್ಟುದ್ದ?" ಎಂದು ಕೇಳಿದಳು. ನಾನು ನಮ್ಮವರ ಕಡೆಗೆ ತೋರಿಸಿದೆ. "ಪಾಪ," ಎಂದಳು.

ಬಿಚ್ಚಿದರೆ ಡಾಕ್ಟರ ಕೋಣೆಯಲ್ಲಿ ಚಾರ್ಟು ಹಿಡಿಯಲಿಲ್ಲ. ಹೊರಗಿನ ಮೊಗಸಾಲೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಹಾಸಿದೆವು. ಕಾದು ಕುಳಿತಿದ್ದವರೆಲ್ಲ ಕಾಲು ಮೇಲಕ್ಕೆ ಎತ್ತಿಕೊಂಡರು. ಡಾಕ್ಟರು ಕೈ ಹಿಂದೆ ಕಟ್ಟಿಕೊಂಡು ಒಂದು ತುದಿಯಿಂದ ಹೊರಟರು. ನಮ್ಮವರು ಗೋಡೆಗೆ ಒರಗಿ ತಮ್ಮ ತೋಳನ್ನು ತಾವೇ ಸವರಿಕೊಳ್ಳುತ್ತಿದ್ದರು, ಸೂಜಿ ಆಗಲೇ ಚುಚ್ಚಿದ ಹಾಗೆ.

"ಇಲ್ಲೆಲ್ಲ ನೀಲಿ, ಹಸಿರು. ಚೆನ್ನಾಗಿದೆ," ಎಂದರು ಡಾಕ್ಟರು. "ಮಾತ್ರೆ ಕೆಲಸ ಮಾಡುತ್ತಿದೆ. ಇದೇನು, ಸಿರುಗುಪ್ಪ?"

"ನನ್ನ ತಂಗಿ ಊರ್ರಿ," ಎಂದರು ನಮ್ಮವರು.

"ಇದು ದಿನಗಟ್ಟಲೆ ಇಳಿದೇ ಇಲ್ಲ. ಕುರುಗೋಡು?"

"ಸೋದರಮಾವನ ಊರು."

"ಮತ್ತೆ ಈ ಕೊನೆಯದು, ಪಂಚಮಿ?"

ನಮ್ಮವರು ಸ್ವಲ್ಪ ಯೋಚಿಸಿ, "ಅದು ಫೋಟೋ ಕಳಿಸಿದ ಮ್ಯಾಲಿಂದು," ಎಂದರು.

ಡಾಕ್ಟರು ನಗಲಿಲ್ಲ. ಚಾರ್ಟಿನ ಆ ತುದಿಯಿಂದ ಈ ತುದಿಗೆ ಇನ್ನೊಮ್ಮೆ ನಡೆದು ಬಂದು ನನ್ನ ಮುಂದೆ ನಿಂತರು. "ಅಮ್ಮಾ, ಚೆನ್ನಾಗಿ ಬರೆದಿದ್ದೀರಿ. ಇವರಿಗೆ ಇಂಜೆಕ್ಷನ್ ಬೇಡ. ಇವರ ಕಾಯಿಲೆ ಅರ್ಧ ಮೈಯಲ್ಲಿದೆ, ಅರ್ಧ ಬಳಗದಲ್ಲಿದೆ." ಹಾಗೆಂದು ಔಷಧಿ ಚೀಟಿ ಬರೆದುಕೊಟ್ಟರು. ಅದು ಈಗಲೂ ನನ್ನ ಬಳಿಯಿದೆ:

ಮಾತ್ರೆ: ಮೊದಲಿನಂತೆ.
ಸಿರುಗುಪ್ಪ: ಮೂರು ತಿಂಗಳಿಗೊಮ್ಮೆ, ಊಟದ ನಂತರ.
ಕುರುಗೋಡು: ಸಂಪೂರ್ಣ ನಿಷೇಧ.

ನಮ್ಮವರು ಆಸ್ಪತ್ರೆಯ ಮೆಟ್ಟಿಲನ್ನು ಹುಡುಗನ ಹಾಗೆ ಇಳಿದರು. ಊರಿಗೆ ಬಂದು ಚೀಟಿಯನ್ನು ಗೋಡೆಗೆ ಅಂಟಿಸಿದೆ, ಚಾರ್ಟಿನ ಪಕ್ಕದಲ್ಲೇ. ಇನ್ನು ಎಲ್ಲರೂ ಸುಮ್ಮನಾಗುತ್ತಾರೆ ಎಂದುಕೊಂಡೆ.

ಮುಂದಿನ ವಾರ ಸಿರುಗುಪ್ಪದ ನಾದಿನಿ ಬಂದಳು. ಅಣ್ಣನಿಗೆ ಸೂಜಿ ತಪ್ಪಿತೆಂದು ಮೊದಲು ಕಣ್ಣು ಒರೆಸಿಕೊಂಡಳು. ಆಮೇಲೆ ಚೀಟಿ ಓದಿದಳು. ಒಂದು ಸಲ, ಇನ್ನೊಂದು ಸಲ. ಕೈಚೀಲವನ್ನು ಧೊಪ್ಪನೆ ಕೆಳಗಿಟ್ಟಳು.

"ಕುರುಗೋಡಿನೋರ್ದು ಪೂರ್ತಿ ಬಂದ್, ನಮ್ದು ಬರೇ ಮೂರು ತಿಂಗಳಿಗೊಮ್ಮೆ? ಅಂದ್ರ ಅವರ ಸಜ್ಜಕದ ಮುಂದ ನನ್ನ ಹೋಳಿಗಿ ಸಪ್ಪಗಾತೇನು? ಅತ್ತಿಗಿ, ಇವತ್ತೇ ಆ ಡಾಕ್ಟರಿಗೆ ಕಾಗದ ಬರೀರಿ. ನಮ್ಮನ್ನೂ ಬಂದ್ ಮಾಡ್ಲಿ!"

ನಾನು ಎಲ್ಲವನ್ನೂ ಬರೆದಿಡುವವಳಾದ್ದರಿಂದ, ಆ ಪ್ರಕರಣಕ್ಕೆ ಒಟ್ಟು ತಗುಲಿದ್ದನ್ನೂ ಬರೆದಿಟ್ಟಿದ್ದೇನೆ. ಸ್ಟುಡಿಯೋಕ್ಕೆ ಎರಡು ಸಲ ಕೊಟ್ಟದ್ದು. ಬೆಂಗಳೂರಿಗೆ ಇಬ್ಬರ ರೈಲು, ಹೋಗಿ ಬರಲು. ಕುರುಗೋಡಿನ ಬಸ್ಸು. ಅಂಟಿನ ಜೊತೆ ಕಿತ್ತುಬಂದ ಪಡಸಾಲೆಯ ಸುಣ್ಣ. ಒಂದು ಅಂಚೆಚೀಟಿ, ತಪ್ಪು ಫೋಟೋದ ಮೇಲೆ ಹೋದದ್ದು. ಕುರುಗೋಡಿನ ಅತ್ತೆಯವರು ನಮ್ಮೊಡನೆ ಮಾತು ಬಿಟ್ಟದ್ದು, ದೀಪಾವಳಿಯವರೆಗೆ. ಇಂಜೆಕ್ಷನ್ನಿಗೆ ಏನೂ ಇಲ್ಲ. ನಮ್ಮವರು ಕಳೆದುಕೊಂಡದ್ದು ಕುರುಗೋಡಿನ ಒಂದು ಡಬ್ಬಿ ಸಜ್ಜಕ.